ಬೆಂಡೆ ಸಾಲಿನ ಡಿಸ್ಕೋ

ಕಾಪು ಎಂದರೆ ಜನರಿಗೆ ದೀಪಸ್ತಂಭ ನೆನಪಾಗುತ್ತದೆ. ಇನ್ನು ಮುಂದೆ ಫೌಸ್ಟಿನ್, ಅಂದರೆ ನಾನು, ನೆನಪಾಗಬೇಕು! ಇಂಥದೊಂದು ಘನ ಸಂಕಲ್ಪವನ್ನು ನಾನು ಮಾಡಿದ್ದು ಒಂದು ಆದಿತ್ಯವಾರದ ಸಂಜೆ, ಮನೆಯ ಮೆಟ್ಟಿಲ ಮೇಲೆ ಕುಳಿತು, ಚಹಾಕ್ಕೆ ರಸ್ಕ್ ಅದ್ದುತ್ತಾ. ಸಂಕಲ್ಪ ಮುಗಿಯುವಷ್ಟರಲ್ಲಿ ರಸ್ಕ್ ತುಂಡಾಗಿ ಚಹಾದೊಳಗೆ ಮುಳುಗಿತು. ಬುದ್ಧಿವಂತನಾದರೆ ಅಷ್ಟರಲ್ಲೇ ಎಚ್ಚೆತ್ತುಕೊಳ್ಳುತ್ತಿದ್ದ. ನಾನು ಚಮಚ ತರಲು ಹೋದೆ.

ಸಂಕಲ್ಪಕ್ಕೆ ಕಾರಣ ನನ್ನ ಮಗಳು ಜೆನಿಫರ್. ಮಣಿಪಾಲದಲ್ಲಿ ಓದುತ್ತಾಳೆ, ಪರ್ಕಳದಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಾಳೆ, ವಾರದ ಕೊನೆಗೆ ಮನೆಗೆ ಬರುತ್ತಾಳೆ. ಬರುತ್ತಾಳೆ ಎಂದರೆ ಅವಳ ದೇಹ ಬರುತ್ತದೆ. ಎರಡೂ ಕಿವಿಗೆ ಇಯರ್‌ಫೋನಿನ ಬೆಣೆ ಜಡಿದುಕೊಂಡು ಸೋಫಾದಲ್ಲಿ ಕೂತರೆ ಮುಗಿಯಿತು. "ಊಟ ಆಯ್ತಾ?" ಎಂದರೆ "ಹೂಂ". "ಪರೀಕ್ಷೆ ಯಾವಾಗ?" ಎಂದರೂ "ಹೂಂ". ಒಮ್ಮೆ ಪರೀಕ್ಷಿಸಲೆಂದೇ "ಮನೆಗೆ ಬೆಂಕಿ ಬಿದ್ದಿದೆ" ಎಂದೆ. ಆಗಲೂ "ಹೂಂ"! ಅಂಥವಳು ಆ ಆದಿತ್ಯವಾರ ತಾನಾಗಿಯೇ ಒಂದು ಕಿವಿಯ ಬೆಣೆ ಕಿತ್ತು, ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಬಂದು ಕುಳಿತಳು.

"ಪಪ್ಪಾ, ನಿಮ್ಮ ಹತ್ರ ಹಳೆ ಕ್ಯಾಸೆಟ್ ಉಂಟಾ?"

"ಯಾಕೆ? ಎಂತ ಆಯ್ತು?"

"ಎಂತ ಆಗ್ಲಿಲ್ಲ. ಈಗ ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಅದೇ ಹುಚ್ಚು. ಅಪ್ಪ ಅಮ್ಮ ಕೇಳ್ತಿದ್ದ ಪಾಪ್, ಡಿಸ್ಕೋ, ಕೊಂಕಣಿ ಬೈಲಾ. ಯಾರ ಪಪ್ಪನ ಹತ್ರ ಒರಿಜಿನಲ್ ಕ್ಯಾಸೆಟ್ ಉಂಟೋ ಅವರಿಗೆ ಭಯಂಕರ ಮರ್ಯಾದೆ."

ಮರ್ಯಾದೆ! ಮಸ್ಕತ್ತಿನಿಂದ ಊರಿಗೆ ಮರಳಿದ ಮೇಲೆ ಆ ಪದಾರ್ಥ ನನ್ನ ಮನೆಗೆ ಬಂದದ್ದೇ ಇಲ್ಲ. ಎದೆ ಉಬ್ಬಿತು.

"ಉಂಟಾ ಅಂತ ಕೇಳ್ತೀಯಾ? ಮಸ್ಕತ್ತಿನಿಂದ ತಂದದ್ದು ಒಂದು ಸೂಟ್‌ಕೇಸ್ ತುಂಬ ಉಂಟು! ಇಡೀ ಉಡುಪಿ ಜಿಲ್ಲೆಯಲ್ಲಿ ಅಂಥ ಸಂಗ್ರಹ ಯಾರ ಹತ್ರವೂ ಇಲ್ಲ!"

"ಹಾಗಾದ್ರೆ ಮುಂದಿನ ಆದಿತ್ಯವಾರ ಫ್ರೆಂಡ್ಸನ್ನು ಕರ್ಕೊಂಡು ಬರ್ಲಾ?"

"ಬಸ್ಸು ಮಾಡಿ ಕರ್ಕೊಂಡು ಬಾ!"

ಅವಳು ಇನ್ನೊಂದು ಕಿವಿಯ ಬೆಣೆಯನ್ನೂ ಕಿತ್ತಳು. ಕತ್ತಲಾಗುವವರೆಗೆ ನಾನು ಮಸ್ಕತ್ತಿನ ರೂಮು, ರೇಡಿಯೊ-ಟೇಪು ಎರಡೂ ಇದ್ದ ನನ್ನ ಟೂ-ಇನ್-ಒನ್ನು, ಶುಕ್ರವಾರದ ಡಿಸ್ಕೋ ಎಂದು ಬಡಾಯಿ ಕೊಚ್ಚಿದೆ. ಅವಳು ನಡುನಡುವೆ "ಮತ್ತೆ?" ಎನ್ನುತ್ತಿದ್ದಳು. "ಹೂಂ" ಅಲ್ಲ, "ಮತ್ತೆ?"! ನನಗೆ ಆದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ರಾತ್ರಿ ನಾನು ಗಂಜಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡೆ.

ಮರುದಿನ ಮಗಳು ಬಸ್ಸು ಹತ್ತಿದ ಮೇಲೆ ಅಟ್ಟದಿಂದ ಸೂಟ್‌ಕೇಸ್ ಇಳಿಸಿದೆ. ತೆರೆದೆ. ಒಳಗೆ ಇಬ್ಬುಡ್ಲ ಹಣ್ಣಿನ ಬೀಜ, ಹೀರೆಯ ಬೀಜ, ಸೌತೆಯ ಬೀಜ. ಡಿಸ್ಕೋದ ಬೀಜ ಮಾತ್ರ ಇರಲಿಲ್ಲ! ಹಿತ್ತಲಲ್ಲಿ ಕಳೆ ಕೀಳುತ್ತಿದ್ದ ಹೆಂಡತಿ ಜೆಸ್ಸಿಯ ಬಳಿಗೆ ಓಡಿದೆ.

"ಜೆಸ್ಸೀ, ನನ್ನ ಕ್ಯಾಸೆಟ್ ಎಲ್ಲಿ?"

"ಎಂತ ಕ್ಯಾಸೆಟ್?"

"ನನ್ನ ಯೌವನ ಮಾರಾಯ್ತಿ! ನನ್ನ ಸಂಗೀತ!"

"ಓ, ಅದಾ? ನಿಮ್ಮ ಎದುರೇ ಉಂಟಲ್ಲ. ಕಣ್ಣು ಬಿಟ್ಟು ನೋಡಿ."

ನೋಡಿದೆ. ಎದುರಿಗೆ ಬೆಂಡೆಯ ಸಾಲುಗಳು. ಪ್ರತಿ ಸಾಲಿನ ಎರಡೂ ತುದಿಗೆ ಬಿದಿರಿನ ಗೂಟ. ಗೂಟದಿಂದ ಗೂಟಕ್ಕೆ, ಗಿಡಗಳ ಮೇಲಿನಿಂದ ಬಿಗಿದು ಕಟ್ಟಿದ ಕಂದು ಬಣ್ಣದ ರೀಲು. ಗಾಳಿ ಬೀಸಿದಾಗ ಅದು "ಗುಂಯ್" ಎನ್ನುತ್ತಿತ್ತು, ಬಿಸಿಲಿಗೆ ಮಿಂಚುತ್ತಿತ್ತು. ನಮ್ಮ ಕಡೆ ಇದೇನು ಹೊಸ ವಿದ್ಯೆಯಲ್ಲ. ಗದ್ದೆಗೆ ಗಿಳಿ ಬಾರದಂತೆ, ತರಕಾರಿಗೆ ನವಿಲು ಇಳಿಯದಂತೆ ಹಳೆ ಕ್ಯಾಸೆಟ್ಟಿನ ರೀಲು ಕಟ್ಟುವುದು ಎಲ್ಲರಿಗೂ ಗೊತ್ತು. ಆದರೆ ಹಾಗೆ ಕಟ್ಟಿಸಿಕೊಳ್ಳುವ ಕ್ಯಾಸೆಟ್ಟು ಬೇರೆಯವರದ್ದಾಗಿರುತ್ತದೆ ಎಂದು ನಾನು ನಂಬಿಕೊಂಡಿದ್ದೆ.

"ಕೊಂದುಬಿಟ್ಟಿಯಲ್ಲೇ!"

"ನಾನು ಎಂತ ಕೊಂದದ್ದು? ಮೊಬೈಲಲ್ಲಿ ಎಲ್ಲ ಸಿಗ್ತದೆ, ಆ ಕಸ ತೆಗೆದು ಬಿಸಾಡು ಅಂತ ಹೇಳಿದ್ದು ಯಾರು? ನಾನು ಬಿಸಾಡ್ಲಿಲ್ಲ, ಕೆಲಸಕ್ಕೆ ಹಾಕಿದೆ. ಊರಿಗೆ ಬಂದ ಮೇಲೆ ನಿಮಗೆ ಸಿಗದ ಕೆಲಸ ನಿಮ್ಮ ಕ್ಯಾಸೆಟ್ಟಿಗೆ ಸಿಕ್ಕಿತು. ಸಂತೋಷ ಪಡಿ."

"ಈಗ ಅದನ್ನು ಸ್ವಲ್ಪ ಬಿಚ್ಚಿದರೆ…"

ಜೆಸ್ಸಿ ಕಳೆ ಕೀಳುವ ಕತ್ತಿಯನ್ನು ನೆಲಕ್ಕೆ ಊರಿ ಎದ್ದು ನಿಂತಳು.

"ಮುಟ್ಟಿ ನೋಡಿ! ಮೊಂತಿ ಹಬ್ಬ ಮುಗಿಯುವವರೆಗೆ ಒಂದು ಎಳೆ ಅಲ್ಲಾಡಿದರೆ ಹಬ್ಬಕ್ಕೆ ನಿಮ್ಮನ್ನೇ ಪಲ್ಯ ಮಾಡ್ತೇನೆ."

ಬರೀ ಬೆದರಿಕೆ ಎಂದುಕೊಳ್ಳಬೇಡಿ. ಮೊಂತಿ ಹಬ್ಬವೆಂದರೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಅಂದು ನಮ್ಮ ಮನೆಗಳಲ್ಲಿ ಮೀನಿಲ್ಲ, ಮಾಂಸವಿಲ್ಲ. ಎಲೆಯ ತುಂಬ ತರಕಾರಿ. ಆ ದಿನ ಜೆಸ್ಸಿಯ ಬಿಳಿ ಬೆಂಡೆ ಇಗರ್ಜಿಗೂ ಹೋಗುತ್ತದೆ, ಪಕ್ಕದ ಮನೆಯ ಪ್ರಫುಲ್ಲಾಗೂ ಹೋಗುತ್ತದೆ, ದಾರಿಯಲ್ಲಿ ಸಿಕ್ಕವರಿಗೂ ಹೋಗುತ್ತದೆ. ನಾನು ಮಸ್ಕತ್ತಿನಲ್ಲಿದ್ದ ಅಷ್ಟೂ ವರ್ಷ ಆ ಹಿತ್ತಲನ್ನು ಒಬ್ಬಳೇ ನಿಂತು ಬೆಳೆಸಿದವಳು ಅವಳು. ಊರವರು "ಜೆಸ್ಸಿ ಬಾಯಿಯ ಬೆಂಡೆ" ಎನ್ನುತ್ತಾರೆ. "ಫೌಸ್ಟಿನನ ಬೆಂಡೆ" ಎಂದು ಒಬ್ಬನಾದರೂ ಹೇಳಿದ್ದಿಲ್ಲ.

ಹಾಗಾಗಿ ನಾನು ಕ್ಯಾಸೆಟ್ಟು ಹುಡುಕಿಕೊಂಡು ಉಡುಪಿಗೆ ಹೋದೆ. ಅಂಗಡಿಯ ಹುಡುಗಿ ನನ್ನನ್ನು ಕನಿಕರದಿಂದ ನೋಡಿ ಒಂದು ಪೆನ್‌ಡ್ರೈವ್ ಮುಂದೆ ಹಿಡಿದಳು. "ಇದರಲ್ಲಿ ಸಾವಿರಾರು ಹಾಡು ಉಂಟು ಅಂಕಲ್." ಸಾವಿರಾರು ಹಾಡು ಇದ್ದೇನು ಪ್ರಯೋಜನ? ನನಗೆ ಬೇಕಾದದ್ದು ಮರ್ಯಾದೆ! ಅಲ್ಲಿಂದ ನೇರವಾಗಿ ಪಡುಬಿದ್ರಿಯ ಬಸ್ಸು ಹತ್ತಿದೆ.

ಪಡುಬಿದ್ರಿಯಲ್ಲಿ ಇದ್ರೀಸ್ ಇದ್ದಾನೆ. ಮಸ್ಕತ್ತಿನಲ್ಲಿ ನನ್ನ ರೂಮಿನವನು. ಈಗ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಅವನ ಮಗ ಝಿಯಾದ್ ನನ್ನ ಮಗಳ ಕ್ಲಾಸಿನವನೇ. ನನ್ನ ದುಃಖ ಕೇಳಿ ಇದ್ರೀಸ್ ಸ್ಕ್ರೂಡ್ರೈವರಿನಿಂದ ಬೆನ್ನು ತುರಿಸಿಕೊಂಡ.

"ನನ್ನ ಮನೆಯಲ್ಲಿಯೂ ಅದೇ ಕಥೆ ಮಾರಾಯ. ಝಿಯಾದ್ ನನ್ನ ಹಳೆ ಟೂ-ಇನ್-ಒನ್ನು ತಲೆ ಹತ್ರ ಇಟ್ಕೊಂಡು ಮಲಗ್ತಾನೆ. ನಾನು ಹೇಳಿದ್ದು ಕೇಳುದಿಲ್ಲ, ನನ್ನ ರೇಡಿಯೊ ಹೇಳಿದ್ದು ಕೇಳ್ತಾನೆ."

"ನನಗೆ ಕ್ಯಾಸೆಟ್ಟಿಗೆ ದಾರಿ ಹೇಳು."

"ದಾರಿ ಎಂತದು? ನಿನ್ನ ಹಿತ್ತಲಲ್ಲಿ ಉಂಟಲ್ಲ! ಅದು ಪ್ಲಾಸ್ಟಿಕ್. ನೀರು ತಾಗಿದರೆ ಎಂತ ಆಗುದಿಲ್ಲ. ಬಿಚ್ಚುವ, ಒರೆಸುವ, ಖಾಲಿ ಕ್ಯಾಸೆಟ್ಟಿಗೆ ಸುತ್ತುವ. ಹಾಡ್ತದೆ."

"ಜೆಸ್ಸಿ?"

"ಅದರ ಬದಲಿಗೆ ಪಾರ್ಸೆಲ್ ಕಟ್ಟುವ ಕಂದು ದಾರ ಕಟ್ಟುವ. ದೂರದಿಂದ ಹೆಂಡತಿಗೂ ಗೊತ್ತಾಗುದಿಲ್ಲ, ನವಿಲಿಗೂ ಗೊತ್ತಾಗುದಿಲ್ಲ."

ಹೆಂಡತಿಯನ್ನೂ ನವಿಲನ್ನೂ ಒಂದೇ ದಾರದಲ್ಲಿ ಮೋಸಗೊಳಿಸಬಹುದೆಂದು ನಂಬಿದ ಇಬ್ಬರು ಮೂರ್ಖರು ಈ ಕರಾವಳಿಯಲ್ಲಿ ಬೇರೆ ಸಿಗಲಿಕ್ಕಿಲ್ಲ.

ಹಬ್ಬದ ಮೊದಲು ಇಗರ್ಜಿಯಲ್ಲಿ ದಿನವೂ ನೊವೆನಾ ಪ್ರಾರ್ಥನೆ. ಶನಿವಾರ ಮಧ್ಯಾಹ್ನ ಜೆಸ್ಸಿ ಹೂವಿನ ಬುಟ್ಟಿ ಹಿಡಿದು ಆ ಕಡೆ ಹೊರಟಳು. ಈ ಕಡೆಯಿಂದ ಖಾಲಿ ಕ್ಯಾಸೆಟ್ಟು, ಒಂದು ಟೂ-ಇನ್-ಒನ್ನು ಹೇರಿಕೊಂಡು ಇದ್ರೀಸನ ಸ್ಕೂಟರು ಬಂತು. ಮಹಾ ಕಾರ್ಯಾಚರಣೆ ಆರಂಭವಾಯಿತು! ಬೆಂಡೆಯ ಎಲೆ ತಾಗಿದರೆ ತುರಿಸುತ್ತದೆ ಎಂಬುದನ್ನು ನಾನು ಮರೆತಿದ್ದೆ; ಬೆಂಡೆ ಮರೆತಿರಲಿಲ್ಲ. ಒಂದು ಕೈಯಲ್ಲಿ ರೀಲು, ಇನ್ನೊಂದು ಕೈಯಲ್ಲಿ ತುರಿಕೆ. ರೀಲಿನ ಮೇಲೆ ಮಣ್ಣು, ಇರುವೆ, ನಡುವೆ ಎಲ್ಲೋ ಸಂಸಾರ ಹೂಡಿದ್ದ ಒಂದು ಬಸವನಹುಳು. ನನ್ನ ಬನಿಯನ್ನಿನಿಂದ ಎಲ್ಲವನ್ನೂ ಒರೆಸಿದೆ. ಆ ಕಾಲದಲ್ಲಿ ಮಾಡುತ್ತಿದ್ದ ಹಾಗೆಯೇ ಕ್ಯಾಸೆಟ್ಟಿನ ತೂತಿಗೆ ಪೆನ್ನು ತುರುಕಿ ಗಿರಗಿರ ಸುತ್ತಿದೆವು. ತುಂಡಾದಲ್ಲಿ ಇದ್ರೀಸ್ ಸೆಲ್ಲೋಟೇಪು ಅಂಟಿಸಿದ.

"ಇದ್ರೀಸ್, ಇದು ಹಾಡಿನ ತಲೆಯಾ, ಬಾಲವಾ?"

"ಹಾಡಿಗೆ ಎಂತದ್ದು ತಲೆ ಬಾಲ? ಅಂಟಿಸು!"

ಗೋಡೆಯ ಮೇಲೊಂದು ನವಿಲು ಕುತ್ತಿಗೆ ಓರೆ ಮಾಡಿಕೊಂಡು ನಮ್ಮನ್ನೇ ನೋಡುತ್ತಿತ್ತು. ನನಗೇಕೋ ಅದರ ನೋಟ ಹಿಡಿಸಲಿಲ್ಲ.

"ಬಿಡು ಮಾರಾಯ, ಒಂದು ದಿನದಲ್ಲಿ ಅದು ಎಷ್ಟು ತಿಂತದೆ?" ಎಂದ ಇದ್ರೀಸ್, ದಾರದ ಕೊನೆಯ ಗಂಟು ಬಿಗಿಯುತ್ತಾ.

ಒಳಗೆ ಬಂದು, ಒಮ್ಮೆ ಹಾಕಿ ಕೇಳೋಣ ಎನ್ನುವಷ್ಟರಲ್ಲಿ ಗೇಟಿನ ಸದ್ದಾಯಿತು. ಜೆಸ್ಸಿ! ಇದ್ರೀಸ್ ಟೂ-ಇನ್-ಒನ್ನನ್ನು ಸೋಫಾದ ಹಿಂದೆ ತಳ್ಳಿ, "ಫ್ಯಾನು ನೋಡ್ಲಿಕ್ಕೆ ಬಂದದ್ದು" ಎಂದ. ಜೆಸ್ಸಿ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. ನನ್ನ ಬನಿಯನ್ನನ್ನು ನೋಡಿದಳು. ಬುಟ್ಟಿ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಅವಳು ಬೈಯದೆ ಹೋದರೆ ನನಗೆ ಮಂಡೆಬೆಚ್ಚ, ತಲೆಯೆಲ್ಲ ಬಿಸಿ.

ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಬರುವಷ್ಟರಲ್ಲಿ ಜೆನಿಫರ್ ತನ್ನ ಸೈನ್ಯದೊಂದಿಗೆ ಹಾಜರ್. ಝಿಯಾದ್, ಕಾರ್ಕಳದ ಡೈನಾ, ಇನ್ನೂ ಕೆಲವರು. ಅವರ ವೇಷ ನೋಡಿ ನಾನು ಕಣ್ಣುಜ್ಜಿಕೊಂಡೆ. ಅಗಲ ಕಾಲಿನ ಪ್ಯಾಂಟು, ಹೂವಿನ ಅಂಗಿ, ಹುಬ್ಬಿನಿಂದ ಗಲ್ಲದವರೆಗಿನ ಕನ್ನಡಕ! ನನ್ನ ಮದುವೆಯ ಆಲ್ಬಮ್ಮಿನಿಂದ ಎದ್ದು ಬಂದವರಂತಿದ್ದರು. ಡೈನಾ ನನ್ನ ಹಳೆ ಕೈಗಡಿಯಾರವನ್ನು ಮುಟ್ಟಿ ಮುಟ್ಟಿ ನೋಡಿದಳು. ಇದ್ರೀಸ್ ಕೂಡ ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತ, ತನ್ನ ಸೆಲ್ಲೋಟೇಪಿನ ಗೌರವ ಕಾಯಲು.

ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. "ಪ್ರಿಯ ಯುವಜನರೇ! ಅರಬ್ಬೀ ಸಮುದ್ರ ದಾಟಿ ಬಂದ ಈ ಅಪೂರ್ವ ಸಂಗೀತ…"

"ಪಪ್ಪಾ, ಹಾಕಿ!" ಎಂದಳು ಜೆನಿಫರ್.

ಗುಂಡಿ ಒತ್ತಿದೆ. ಕಟಕ್!

ಮೊದಲು ಡಿಸ್ಕೋದ ಡ್ರಮ್ಮು, ಢಿಕ್ ಢಿಕ್. ಆಹಾ! ಮರುಕ್ಷಣದಲ್ಲಿ ಗಾಯಕ ಬಾವಿಗೆ ಬಿದ್ದ. ಬಾವಿಯೊಳಗಿಂದಲೇ ಅರ್ಧ ಸಾಲು ಹಾಡಿ ಸುಮ್ಮನಾದ. ಬಸವನಹುಳು ಇದ್ದ ಜಾಗ ಅದೇ ಇರಬೇಕು. ಆಮೇಲೆ ಕೊಂಕಣಿ ಬೈಲಾದ ಹೆಂಗಸರ ಗುಂಪು ಬಂತು, ಆದರೆ ಹಿಂದುಮುಂದಾಗಿ! ಅವರ ನಡುವೆ ಒಂದು ಇಂಗ್ಲಿಷ್ ಗಿಟಾರು ನುಗ್ಗಿ, ಎಳೆದು, ನರಳಿ, ಮತ್ತೆ ಢಿಕ್ ಢಿಕ್. ಇಷ್ಟಕ್ಕೆಲ್ಲ ಹಿಂದಿನಿಂದ ಸಮುದ್ರದಂಥ ಒಂದು "ಹುಸ್ಸ್" ಸದ್ದು. ಸೆಲ್ಲೋಟೇಪು ಬಂದಾಗಲೆಲ್ಲ ಟಪ್ ಎಂಬ ತಾಳ.

ನನ್ನ ಬೆನ್ನಿನಲ್ಲಿ ಬೆವರು ಇಳಿಯಿತು. ಜೆನಿಫರಳ ಮುಖ ನೋಡುವ ಧೈರ್ಯ ಬರಲಿಲ್ಲ. ಮುಗಿಯಿತು, ಈ ಹಾಡು ನಿಂತ ಕೂಡಲೇ ಆ ಬೆಣೆಗಳು ಕಿವಿಗೆ ಮರಳುತ್ತವೆ, ನಾನು ಮತ್ತೆ "ಹೂಂ"ಗೆ ಮರಳುತ್ತೇನೆ ಎಂದುಕೊಂಡೆ.

ಝಿಯಾದ್ ಸಟ್ಟನೆ ಎದ್ದು ನಿಂತ. "ಅಂಕಲ್!"

"ಕ್ಷಮಿಸು ಮಗಾ, ಅದು…"

"ಅಂಕಲ್, ಈ ಸೌಂಡಿಗೋಸ್ಕರ ನಾನು ಲ್ಯಾಪ್‌ಟಾಪಲ್ಲಿ ಎಷ್ಟು ತಿಂಗಳಿಂದ ಸಾಯ್ತಾ ಇದ್ದೇನೆ ಗೊತ್ತುಂಟಾ? ನಿಮಗೆ ಹೇಗೆ ಸಿಕ್ಕಿತು? ಯಾರು ಮಿಕ್ಸ್ ಮಾಡಿದ್ದು?"

ಎಲ್ಲರ ಮೊಬೈಲುಗಳು ಟೂ-ಇನ್-ಒನ್ನಿನ ಸುತ್ತ ನೆರೆದವು. ಡೈನಾ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. "ನನ್ನ ಪಪ್ಪ ಮಾಡಿದ್ದು!" ಎಂದಳು ಜೆನಿಫರ್. ಎಂಥ ಧ್ವನಿಯಲ್ಲಿ ಹೇಳಿದಳು ಎನ್ನುತ್ತೀರಿ! ಆ ಧ್ವನಿ ಕೇಳಿದ ಮೇಲೆ ಸತ್ಯ ಹೇಳುವ ಶಕ್ತಿ ಯಾವ ತಂದೆಗಿದೆ?

"ಅದೊಂದು ವಿಶೇಷ ತಂತ್ರ," ಎಂದೆ, ಗಡ್ಡವಿಲ್ಲದಿದ್ದರೂ ಗಡ್ಡ ನೀವಿಕೊಳ್ಳುತ್ತಾ. "ಕಾಲವನ್ನೇ ಹಿಂದಕ್ಕೂ ಮುಂದಕ್ಕೂ ಹರಿಯಬಿಡುವುದು. ಎಲ್ಲರಿಗೂ ಬರುವುದಿಲ್ಲ." ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮೂಲೆಯಲ್ಲಿ ಇದ್ರೀಸ್ ಕೆಮ್ಮಿದ.

"ಅಲ್ಲ ಮಕ್ಕಳೇ," ಎಂದೆ, ವಿಷಯ ತಿರುಗಿಸಲು, "ನಿಮ್ಮ ಮೊಬೈಲಲ್ಲಿ ಲೋಕದ ಹಾಡೆಲ್ಲ ಉಂಟು. ಈ ಹಳೆಯದ್ದು ಯಾಕೆ ಬೇಕು?"

"ಮೊಬೈಲಲ್ಲಿ ಯಾವ ಹಾಡನ್ನೂ ಪೂರ್ತಿ ಕೇಳುದೇ ಇಲ್ಲ ಅಂಕಲ್," ಎಂದಳು ಡೈನಾ. "ಅರ್ಧಕ್ಕೆ ಬೋರ್, ಮುಂದಕ್ಕೆ. ಅದೂ ಒಬ್ಬೊಬ್ಬರೇ ಕೇಳುದು. ಇದರಲ್ಲಿ ಮುಂದಕ್ಕೆ ಓಡಿಸ್ಲಿಕ್ಕೆ ಕಷ್ಟ ಅಲ್ವಾ? ಹಾಗೆ ಎಲ್ಲರೂ ಕೂತ್ಕೊಂಡು ಕೇಳ್ಬೇಕಾಗ್ತದೆ."

ಜೆನಿಫರ್ ನನ್ನ ಕಡೆ ನೋಡಲಿಲ್ಲ. ಟೂ-ಇನ್-ಒನ್ನಿನ ಗುಂಡಿ ಸವರುತ್ತಾ ಹೇಳಿದಳು. "ನನಗೆ ಅದಲ್ಲ. ನಾನು ಸಣ್ಣವಳಿರುವಾಗ ಪಪ್ಪ ರಜೆಯಲ್ಲಿ ಬಂದರೆ ಮಾತ್ರ ಮನೆಯಲ್ಲಿ ಈ ಹಾಡು. ಬೆಳಿಗ್ಗೆ ಎದ್ದಾಗ ಹಾಡು ಕೇಳ್ಲಿಲ್ಲ ಅಂದ್ರೆ ಪಪ್ಪ ಹೋಗಿ ಆಯ್ತು ಅಂತ ಲೆಕ್ಕ."

ರಜೆ ಮುಗಿದ ದಿನ ನಾನು ಮಗಳನ್ನು ಎಬ್ಬಿಸದೆ ಹೋಗುತ್ತಿದ್ದೆ, ಅಳುತ್ತಾಳೆಂದು. ಅವಳು ಹಾಸಿಗೆಯಲ್ಲಿ ಮಲಗಿಕೊಂಡೇ ಮನೆಯ ಮೌನ ಕೇಳುತ್ತಿದ್ದಳೆಂದು ನನಗೆ ಯಾರು ಹೇಳಬೇಕಿತ್ತು? ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

"ಫೌಸ್ಟಿನ್!"

ಹಿತ್ತಲಿಂದ ಬಂದ ಕೂಗು ಅದು. ಜೆಸ್ಸಿ ನನ್ನನ್ನು ಹೆಸರು ಹಿಡಿದು ಕರೆಯುವುದು ಎರಡೇ ಸಂದರ್ಭಗಳಲ್ಲಿ: ಹಾವು ಕಂಡಾಗ, ಅಥವಾ ಹಾವಿಗಿಂತ ದೊಡ್ಡದು ಕಂಡಾಗ. ಮಕ್ಕಳ ಊಟಕ್ಕೆ ಬೆಂಡೆ ಕೊಯ್ಯಲು ಹೋದವಳು ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ನವಿಲು ತಿಂದು ಬಿಟ್ಟ ಬೆಂಡೆಯ ದಂಟು. ಇನ್ನೊಂದು ಕೈಯಲ್ಲಿ ಪಾರ್ಸೆಲ್ ದಾರ.

"ಇದು ಎಂತ?"

"ದಾರ," ಎಂದೆ.

"ಅದು ನನಗೂ ಕಾಣ್ತದೆ. ನನ್ನ ರೀಲು ಎಲ್ಲಿ?"

ಟೂ-ಇನ್-ಒನ್ನು ಆ ಕ್ಷಣದಲ್ಲೇ ಟಪ್ ಎಂದು ಬಾವಿಯೊಳಗಿಂದ ಹಾಡತೊಡಗಿತು. ಜೆಸ್ಸಿ ಅದನ್ನು ನೋಡಿದಳು. ಇದ್ರೀಸನನ್ನು ನೋಡಿದಳು.

"ಫ್ಯಾನು ಸರಿ ಆಯ್ತಾ ಇದ್ರೀಸ್?"

"ನಾನು ಬೇಡ ಅಂತಲೇ ಹೇಳಿದ್ದು ಜೆಸ್ಸಿ ಬಾಯಿ," ಎಂದ ಆ ದ್ರೋಹಿ!

"ಒಂದೇ ದಿನದಲ್ಲಿ ಎರಡು ಸಾಲು ಬೋಳು! ಹಬ್ಬಕ್ಕೆ ನಾನು ಎಲ್ಲರಿಗೂ ಎಂತ ಕೊಡುದು? ಇವರ ಡಿಸ್ಕೋ ಕೊಡುದಾ? ಅದು ನವಿಲು ಓಡಿಸ್ಲಿಕ್ಕೆ ಕಟ್ಟಿದ್ದು ಮಾರಾಯ್ರೆ! ಜೂನಿನಿಂದ ಮಳೆ, ಬಿಸಿಲು, ಗಾಳಿ ಎಲ್ಲ ತಿಂದು ನಿಂತಿತ್ತು ಪಾಪ!" ಅವಳ ಕಣ್ಣಿನಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಝಿಯಾದ್ ನಿಧಾನವಾಗಿ ಎದ್ದು ಬಂದ. "ಆಂಟಿ, ಅಂದ್ರೆ… ಈ ರೀಲನ್ನು ಜೂನಿನಿಂದ ಬಯಲಲ್ಲಿ ಕಟ್ಟಿದ್ದು ನೀವಾ?"

"ಮತ್ತೆ ಇವರಾ?"

"ಹಾಗಾದ್ರೆ ಈ ಸೌಂಡ್ ನಿಮ್ಮದು!"

"ಸೌಂಡ್ ಯಾರದ್ದಾದ್ರೂ ಆಗ್ಲಿ. ಬೆಂಡೆ ನನ್ನದು."

ಯಾರು ಕೇಳುತ್ತಾರೆ! ಇಡೀ ಸೈನ್ಯ ಹಿತ್ತಲಿಗೆ ನುಗ್ಗಿತು. ಗೂಟಕ್ಕೆ ಕೈಯಿಟ್ಟು ಜೆಸ್ಸಿ, ಬೆಂಡೆಯ ದಂಟು ಹಿಡಿದು ಜೆಸ್ಸಿ, ಜೆಸ್ಸಿಯ ಆಚೆ ಈಚೆ ಮಕ್ಕಳು. ಕ್ಲಿಕ್, ಕ್ಲಿಕ್! ನಾನೂ ಅಂಗಿ ಸರಿಮಾಡಿಕೊಂಡು ಅಂಚಿನಲ್ಲಿ ನಿಂತೆ.

"ಅಂಕಲ್, ಸ್ವಲ್ಪ ಆಚೆ ನಿಲ್ತೀರಾ?" ಎಂದಳು ಡೈನಾ, ಬಹಳ ವಿನಯದಿಂದ. "ಫ್ರೇಮಿನಲ್ಲಿ ಬರ್ತೀರಿ."

ಮಧ್ಯಾಹ್ನ ಮಕ್ಕಳು ಬೆಂಡೆಯಿಲ್ಲದ ಸಾರು ಉಂಡು ಹೊರಟರು. ಕ್ಯಾಸೆಟ್ಟನ್ನು ಝಿಯಾದ್ ಹರಳಿನಂತೆ ಕರವಸ್ತ್ರದಲ್ಲಿ ಸುತ್ತಿಕೊಂಡು ಮಣಿಪಾಲಕ್ಕೆ ಒಯ್ದ. ಜೆಸ್ಸಿಯೇ ಕೊಟ್ಟಳು, ಮಕ್ಕಳು ಅಷ್ಟು ಆಸೆಯಿಂದ ಕೇಳುವಾಗ ಇಲ್ಲ ಎನ್ನಲಾರದೆ. ಹಬ್ಬದ ರಜೆಗೆಂದು ಜೆನಿಫರ್ ಮನೆಯಲ್ಲೇ ಉಳಿದಳು. ನ್ಯಾಯತೀರ್ಮಾನಕ್ಕೆ ಅವಳೇ ಸಾಕ್ಷಿ.

"ರೀಲು ಹೋಯ್ತು," ಎಂದಳು ಜೆಸ್ಸಿ, ಕೈ ಒರೆಸಿಕೊಳ್ಳುತ್ತಾ. "ರೀಲಿನ ಯಜಮಾನ ಇದ್ದಾರಲ್ಲ. ನಾಳೆಯಿಂದ ಹಬ್ಬದವರೆಗೆ ಬೆಳಿಗ್ಗೆ, ಸಂಜೆ ಸಾಲಿನ ನಡುವೆ ನಿಂತು ನೀವೇ ಹಾಡಿ. ಉಳಿದ ಬೆಂಡೆ ಉಳಿದ್ರೆ ನಿಮಗೂ ಊಟ ಉಂಟು."

ಮಾಡಿದ್ದುಣ್ಣೋ ಮಹಾರಾಯ! ಮರುದಿನ ಬೆಳಿಗ್ಗೆ ಬೆಂಡೆಗಿಡಗಳ ನಡುವೆ ನಿಂತು, ಕಣ್ಣು ಮುಚ್ಚಿ, ಎರಡೂ ಕೈ ಚಾಚಿ ಹಳೆಯ ಡಿಸ್ಕೋ ಒಂದನ್ನು ಎತ್ತಿದೆ. ಏನು ಹೇಳಲಿ! ಮೊದಲನೆಯ ಆಲಾಪಕ್ಕೇ ನವಿಲುಗಳು ಬೊಬ್ಬೆ ಹೊಡೆದು ಪ್ರಫುಲ್ಲಾಳ ಮನೆಯ ಹೆಂಚಿನ ಮಾಡು ಹತ್ತಿದವು. ಪ್ರಫುಲ್ಲಾ ಕಿಟಕಿ ಮುಚ್ಚಿಕೊಂಡಳು. "ಅಂತೂ ನಿಮ್ಮ ಸ್ವರದಿಂದ ಒಂದು ಉಪಕಾರ ಆಯ್ತು," ಎಂದಳು ಜೆಸ್ಸಿ. ಜೆನಿಫರ್ ಅಡುಗೆಮನೆಯ ಕಿಟಕಿಯಲ್ಲಿ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು, ಕಿವಿಯಲ್ಲಿ ಏನೂ ಇರಲಿಲ್ಲ. ಈ ಶಿಕ್ಷೆ ಹಬ್ಬದ ನಂತರವೂ ಮುಂದುವರಿಯಲಿ ಎಂದು ನಾನು ಒಳಗೊಳಗೇ ಹಾರೈಸಿದೆ.

ಹಬ್ಬ ಹತ್ತಿರ ಬಂತು. ಒಂದು ಬೆಳಿಗ್ಗೆ ನನ್ನ ಸ್ವರ ಎಂದಿಗಿಂತ ಏರಿತ್ತು. ಪಲ್ಲವಿ ಮುಗಿಸಿ, ಚರಣ ಮುಗಿಸಿ, ನಡುವಿನ ಗಿಟಾರನ್ನೂ ಬಾಯಲ್ಲೇ ನುಡಿಸಿದೆ. ಕಿಟಕಿಯಿಂದ "ಪಪ್ಪಾ, ಒನ್ಸ್ ಮೋರ್!" ಎಂದಳು ಜೆನಿಫರ್. ಮಗಳು ಕೇಳಿದ ಮೇಲೆ ಬಿಡುವುದುಂಟೇ? ಎದೆ ಸೆಟೆಸಿ ಮತ್ತೆ ಆರಂಭಿಸಿದೆ. ಆಗ ಕಾಲ ಬಳಿ ಏನೋ ಸರಿದಂತಾಗಿ ಕಣ್ಣು ತೆರೆದೆ.

ದೊಡ್ಡ ನವಿಲುಗಳು ಎಂದಿನಂತೆ ಪ್ರಫುಲ್ಲಾಳ ಮಾಡಿನ ಮೇಲಿದ್ದವು. ಆದರೆ ಅವುಗಳ ಮರಿಗಳು, ಈ ಮಳೆಗಾಲದಲ್ಲಿ ಹುಟ್ಟಿದಂಥವು, ನನ್ನ ಮುಂದೆಯೇ ಸಾಲಾಗಿ ನಿಂತು, ಕುತ್ತಿಗೆ ಓರೆ ಮಾಡಿ, ನನ್ನ ಮುಖವನ್ನೇ ನೋಡುತ್ತಾ, ತಾಳಕ್ಕೆ ಸರಿಯಾಗಿ ಒಂದೊಂದೇ ಎಳೆ ಬೆಂಡೆ ಕುಕ್ಕಿ ತಿನ್ನುತ್ತಿದ್ದವು!

"ಸಾಕು ನಿಲ್ಲಿಸಿ ಮಾರಾಯ್ರೆ!" ಜೆಸ್ಸಿ ಅಂಗಳ ಗುಡಿಸುವ ಹಿಡಿಸೂಡಿ ಎತ್ತಿಕೊಂಡು ಓಡಿ ಬಂದಳು. "ಓಡುದು ದೊಡ್ಡವು ಮಾತ್ರ. ಮಕ್ಕಳಿಗೆ ಹಳೆ ಹಾಡೇ ಇಷ್ಟ ಅಂತ ನಿಮಗೆ ಇನ್ನೂ ಗೊತ್ತಾಗ್ಲಿಲ್ವಾ?"